ರೆಡಿಮೇಡ್ ಬೋಲ್ಟ್ ರಿಗ್ ಕೊಂಡರೆ ಮೊದಲು ಸೀಸ ಕಳಚುತ್ತಾ ನೋಡಿ

ಗಾಳ ಹಾಕೋಕೆ ರೆಡಿಮೇಡ್ ಬೋಲ್ಟ್ ರಿಗ್ (ಕೊಕ್ಕೆ, ಗಿಡ್ಡ ದಾರ, ಭಾರದ ಸೀಸ ಸೇರಿಸಿ ಕಟ್ಟಿದ ಜೋಡಣೆ) ಕೊಳ್ಳುವವರು ಇದನ್ನೊಮ್ಮೆ ಓದಿ. ನನಗೆ ಮಾರಿದವರು, "ಎಸೆದು ಕೂತರೆ ಸಾಕು, ಮೀನು ತಾನಾಗೇ ಸಿಕ್ಕಿಕೊಳ್ಳುತ್ತೆ" ಅಂದಿದ್ದರು. ಅದೇನೋ ನಿಜ. ದಾರ ಹರಿದರೆ ಮೀನಿನ ಗತಿ ಏನು ಅನ್ನೋದನ್ನು ಮಾತ್ರ ಹೇಳಲಿಲ್ಲ.

ದೊಡ್ಡ ಕಾರ್ಪ್ ಮೀನೊಂದು ಸಿಕ್ಕಿ, ನೀರೊಳಗಿನ ಬೇರುಗಳ ಕಡೆ ನುಗ್ಗಿ ದಾರ ಹರಿದುಕೊಂಡು ಹೋಯಿತು. ಮಾರನೇ ದಿನ ಜೊಂಡಿನ ನಡುವೆ ಒಂದು ಮೀನು ಒದ್ದಾಡುತ್ತಿತ್ತು. ಕೈಬಲೆಯಲ್ಲಿ ಎತ್ತಿ ನೋಡಿದರೆ ಅದೇ ರಿಗ್. ಸೀಸ ಜೊಂಡಿನ ಬುಡದಲ್ಲಿ ಸಿಕ್ಕಿಕೊಂಡಿತ್ತು. ಜಗ್ಗಿ ಜಗ್ಗಿ ಮೀನಿನ ಕೆಳತುಟಿ ಸೀಳಿತ್ತು, ಒಂದು ಮಗ್ಗುಲಿನ ಹುರುಪೆ ಕಿತ್ತುಹೋಗಿತ್ತು. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಓರೆಯಾಗಿಯೇ ಈಜುತ್ತಾ ಹೋಯಿತು.

ಈ ರಿಗ್ ಕೆಲಸ ಮಾಡೋದೇ ಸೀಸದ ಭಾರದಿಂದ. ಎರೆ ಕೊಕ್ಕೆಗೆ ಚುಚ್ಚಿರುವುದಿಲ್ಲ, ಪಕ್ಕದಲ್ಲಿ ಸಣ್ಣ ಎಳೆಯೊಂದರಲ್ಲಿ ತೂಗುತ್ತಿರುತ್ತದೆ. ಅದೇ ಹೇರ್ ರಿಗ್. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ್ದು. ಕಾರ್ಪ್ ತಳದಲ್ಲಿದ್ದದ್ದನ್ನು ಬಾಯಿಗೆ ಹೀರಿ ನೋಡುತ್ತೆ, ಸಂಶಯ ಬಂದರೆ ಉಗುಳುತ್ತೆ. ಎರೆ ಹೊರಗೆ ಬರುವಾಗ ಹಿಂದೆ ಬರುವ ಬರಿಗೊಕ್ಕೆ ತುಟಿಗೆ ತಾಗುತ್ತೆ. ಚುಚ್ಚಿದ ತಕ್ಷಣ ಮೀನು ಗಾಬರಿಯಿಂದ ಓಡುತ್ತೆ. ಗಿಡ್ಡ ದಾರ ಬಿಗಿಯಾಗಿ, 60-80 ಗ್ರಾಂ ಸೀಸ ಅಡ್ಡ ಎಳೆದು ಕೊಕ್ಕೆಯನ್ನು ಒಳಗೆ ಇಳಿಸುತ್ತೆ. ನಾವು ರಾಡ್ ಎಳೆಯುವ ಕೆಲಸವೇ ಇಲ್ಲ.

ಹಾಗಾಗಿ ಸೀಸ ಗಟ್ಟಿಯಾಗಿ ಕೂತಿದ್ದಷ್ಟೂ ಒಳ್ಳೇದು ಅನ್ನಿಸುತ್ತೆ ಅಲ್ವಾ? ಹಾಗಲ್ಲ, ಮೀನು ಸಿಕ್ಕಿಕೊಳ್ಳುವಷ್ಟು ಹೊತ್ತು ಹಿಡಿದರೆ ಸಾಕು. ಆಮೇಲೆ ದಾರ ಹರಿದರೂ ಮೀನು ಸೀಸವನ್ನು ಕಳಚಿಕೊಂಡು ಹೋಗುವಂತಿರಬೇಕು. ನನ್ನ ಪ್ಯಾಕೆಟ್ಟಿನ ರಿಗ್‌ಗಳಲ್ಲಿ ಸೀಸ ಹಿಡಿಯುವ ಕ್ಲಿಪ್ಪಿನ ಮೇಲಿನ ರಬ್ಬರ್ ಕೊಳವೆಯನ್ನು ಅಂಟಿಸಿಬಿಟ್ಟಿದ್ದರು. ಬ್ಲೇಡ್ ಹಾಕಿ ಕೊಯ್ದಾಗಲೇ ಬಿಟ್ಟಿದ್ದು.

ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಕೊಕ್ಕೆಯ ದಾರ, ಇನ್ನೊಂದರಲ್ಲಿ ಸೀಸ ಹಿಡಿದು ಎಳೆಯಿರಿ. ಹೆಚ್ಚು ಬಲ ಹಾಕದೆ ರಬ್ಬರ್ ಜಾರಿ ಸೀಸ ಬೀಳಬೇಕು. ದಾರ ಸೀಸದ ನಡುವೆ ಹಾದುಹೋಗುವ ಬಗೆಯಾದರೆ, ಸ್ವಿವೆಲ್ (ದಾರಗಳನ್ನು ಜೋಡಿಸುವ ತಿರುಗುಕೊಂಡಿ) ಬಿಟ್ಟುಕೊಂಡು ಸೀಸ ದಾರದ ಹರಿದ ತುದಿಯವರೆಗೂ ಜಾರಿ ಹೊರಬರಬೇಕು. ಇಲ್ಲಿ ಜನ ಮರೆಯೋದು ಮೇಲಿನ ಗಂಟನ್ನು. ದಪ್ಪ ಲೀಡರ್ (ತುದಿಗೆ ಸೇರಿಸುವ ಗಟ್ಟಿ ದಾರ) ಕಟ್ಟಿದ ಗಂಟು ಸೀಸದ ತೂತಿಗಿಂತ ದೊಡ್ಡದಾದರೆ ಎಲ್ಲಾ ಅಲ್ಲೇ ನಿಲ್ಲುತ್ತೆ. ಸೀಸ ತುದಿಯಲ್ಲಿದ್ದು, ಕೊಕ್ಕೆ ಅದರ ಮೇಲೆ ದಾರದ ಸುತ್ತ ತಿರುಗುವ ಹೆಲಿಕಾಪ್ಟರ್ ರಿಗ್‌ನಲ್ಲೂ ಅಷ್ಟೇ: ಕೊಕ್ಕೆಯ ಸ್ವಿವೆಲ್, ಮೇಲಿನ ಮಣಿಯನ್ನೂ ಗಂಟನ್ನೂ ದಾಟಿ ಕಳಚಿಕೊಳ್ಳಬೇಕು.

ಇನ್ನೊಂದು ಮಾತು. ಮೀನು ತಾನೇ ಸಿಕ್ಕಿಕೊಳ್ಳುತ್ತೆ ಅಂತ ರಾಡ್ ಬಿಟ್ಟು ಅಡ್ಡಾಡೋಕೆ ಹೋಗಬೇಡಿ. ರೀಲಿನ ಫ್ರೀ ಸ್ಪೂಲ್ (ಮೀನು ಎಳೆದಾಗ ದಾರ ಸಲೀಸಾಗಿ ಬಿಚ್ಚಿಕೊಳ್ಳುವ ಏರ್ಪಾಡು) ಹಾಕಿರದಿದ್ದರೆ ಮೊದಲ ಓಟಕ್ಕೇ ರಾಡ್ ನೀರುಪಾಲು. ತುದಿಯ ಹತ್ತಿರ ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನೇ ಹಾಕಿ. ದಾರ ಹರಿದರೂ ಮೀನು ಅದನ್ನು ಉದುರಿಸಿಕೊಳ್ಳುವ ಸಾಧ್ಯತೆ ಜಾಸ್ತಿ.