ಅಪರಿಚಿತರ ಜೊತೆ ಟೆಕ್ ಚರ್ಚೆಗೆ ಟೆಲಿಗ್ರಾಮೋ, ಸಿಗ್ನಲ್ಲೋ?

ಡೇಟಾ ಸೋರಿಕೆ, ಎಐ, ಹೊಸ ರಾಕೆಟ್ ಸುದ್ದಿ ಬಂದಾಗ ಗುರುತಿಲ್ಲದವರ ಜೊತೆ ವಾದ ಮಾಡುವ ಖುಷಿಯೇ ಬೇರೆ. ಅದಕ್ಕೆ ಯಾವ ಆ್ಯಪ್?

ಜನ ಜಾಸ್ತಿ ಬೇಕೆಂದರೆ ಟೆಲಿಗ್ರಾಮ್. ಒಂದು ಗುಂಪಿನಲ್ಲಿ 2 ಲಕ್ಷ ಜನ ಸೇರಬಹುದು. ಸಿಗ್ನಲ್ ಗುಂಪಿಗೆ 1,000 ಜನರ ಮಿತಿ.

ಗುಟ್ಟಿನ ಮಾತಿಗೆ ಬಂದರೆ ಲೆಕ್ಕ ತಿರುಗುತ್ತದೆ. ಟೆಲಿಗ್ರಾಮ್ ತುಂಬಾ ಸುರಕ್ಷಿತ ಅಂತ ಎಷ್ಟೋ ಜನ ನಂಬಿದ್ದಾರೆ, ಅಲ್ವಾ? ಆದರೆ ಅಲ್ಲಿ ನಾವೇ 'ಸೀಕ್ರೆಟ್ ಚಾಟ್' ಶುರು ಮಾಡದಿದ್ದರೆ ಬರೆದದ್ದೆಲ್ಲ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಅದನ್ನು ತೆರೆಯುವ ಕೀಲಿಯೂ ಕಂಪನಿಯ ಕೈಯಲ್ಲೇ. ಗುಂಪುಗಳಿಗಂತೂ ಸೀಕ್ರೆಟ್ ಚಾಟ್ ಸೌಲಭ್ಯವೇ ಇಲ್ಲ. ಸಿಗ್ನಲ್‌ನಲ್ಲಿ ಗುಂಪಿನ ಮಾತಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಉಂಟು, ಅಂದರೆ ಮಾತಾಡುವವರನ್ನು ಬಿಟ್ಟು ಕಂಪನಿಗೂ ಓದಲಾಗದ ಬೀಗ. 2016ರಲ್ಲಿ ಅಮೆರಿಕದ ತನಿಖೆಯೊಂದು ಮಾಹಿತಿ ಕೇಳಿದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಅಷ್ಟೇ.

ಫೋನ್ ನಂಬರ್ ಮುಚ್ಚಿಡಲು ಎರಡರಲ್ಲೂ ಆಗುತ್ತದೆ. ಸಿಗ್ನಲ್‌ಗೆ ಯೂಸರ್‌ನೇಮ್, ಅಂದರೆ ನಂಬರ್ ಬದಲು ಕೊಡಬಹುದಾದ ಹೆಸರು, ಬಂದದ್ದು 2024ರಲ್ಲಿ. ಟೆಲಿಗ್ರಾಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನಂಬರ್ ಯಾರಿಗೆ ಕಾಣಬೇಕು ಅನ್ನುವಲ್ಲಿ 'ನೋಬಡಿ' ಅಂತ ಆರಿಸಿ. ಇದನ್ನು ದಯವಿಟ್ಟು ಗುಂಪು ಸೇರುವ ಮುಂಚೆಯೇ ಮಾಡಿ.

ನನ್ನ ಮಾತು ಕೇಳಿದರೆ, ಬಹಿರಂಗ ವಾದಕ್ಕೆ ಟೆಲಿಗ್ರಾಮ್ ಸಾಕು. ಅಲ್ಲಿ ಸಿಕ್ಕವರ ಜೊತೆ ಕೆಲಸದ ಜಾಗದ ಭದ್ರತಾ ದೋಷದ ಬಗ್ಗೆ ಮಾತಾಡಬೇಕಾದರೆ ಸಿಗ್ನಲ್‌ಗೆ ಬನ್ನಿ.