ಶಾರ್ಡ್ ಇಳಿಸಲು ಶ್ರಿಂಕೋ, ರೀಇಂಡೆಕ್ಸೋ? ಅಡಿಕೆ ದರದ ಹುಡುಕಾಟದಲ್ಲಿ ಎರಡನ್ನೂ ಬಳಸಿ ನೋಡಿದ ಮೇಲೆ

ದಾಖಲೆ ಹುಡುಕುವ ತಂತ್ರಾಂಶ ಇಲಾಸ್ಟಿಕ್‌ಸರ್ಚ್‌ನಲ್ಲಿ ದಾಖಲೆಗಳ ಕಟ್ಟಿಗೆ ಇಂಡೆಕ್ಸ್ ಎಂದೂ ಅದನ್ನು ಒಡೆದಿಟ್ಟ ತುಂಡುಗಳಿಗೆ ಶಾರ್ಡ್ ಎಂದೂ ಹೆಸರು. ಶಾರ್ಡ್ ಕಡಿಮೆ ಮಾಡುವುದು ಹೇಗೆಂದು ಯಾರೇ ಕೇಳಲಿ, ನಾನು ಹೇಳುವುದು ರೀಇಂಡೆಕ್ಸ್, ಅಂದರೆ ದಾಖಲೆಗಳನ್ನು ಹೊಸ ಇಂಡೆಕ್ಸಿಗೆ ಮತ್ತೆ ಬರೆಯುವುದು. ಇರುವ ತುಂಡುಗಳನ್ನೇ ಕೂಡಿಸುವ ಶ್ರಿಂಕ್ ಬಹಳ ವೇಗದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸಣ್ಣ ಯಂತ್ರಗಳಿಗೂ ನಮ್ಮ ದತ್ತಾಂಶದ ಸ್ವರೂಪಕ್ಕೂ ಅದು ಹೊಂದಲಿಲ್ಲ.

ಶಿರಸಿಯ ಅಡಿಕೆ ವಖಾರಿಯೊಂದಕ್ಕೆ ಹಳೆಯ ಟೆಂಡರ್ ದರ ಹುಡುಕುವ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಟೈಪ್ ಮಾಡಿದರೆ ಆಯಾ ಲಾಟಿನ ದರ, ತೂಕ, ಷರಾ ಬರಬೇಕು. ಮೊದಲು ಕಟ್ಟಿದವರು ದಿನಕ್ಕೊಂದು ಇಂಡೆಕ್ಸ್ ಮಾಡಿಟ್ಟಿದ್ದರು. 2019ರಲ್ಲಿ ಇಲಾಸ್ಟಿಕ್‌ಸರ್ಚ್ 7.0 ಬರುವವರೆಗೆ, ನಾವಾಗಿ ಹೇಳದಿದ್ದರೆ ಪ್ರತಿ ಇಂಡೆಕ್ಸಿಗೂ 5 ಪ್ರೈಮರಿ (ಮೂಲ) ಶಾರ್ಡ್ ಆಗುತ್ತಿತ್ತು. ರೆಪ್ಲಿಕಾ (ಪ್ರತಿಯೊಂದರ ಒಂದು ನಕಲು) ಸೇರಿದರೆ 10. ವರ್ಷಕ್ಕೆ 300 ವ್ಯಾಪಾರದ ದಿನ ಎಂದು ಹಿಡಿದರೂ 3,000 ಶಾರ್ಡ್. 7ನೇ ಆವೃತ್ತಿ ನೋಡ್ (ಗುಂಪಿನ ಒಂದು ಯಂತ್ರ) ಒಂದಕ್ಕೆ 1,000 ಶಾರ್ಡ್ ಎಂದು ಮಿತಿ ಹಾಕಿತು. ನಮ್ಮಲ್ಲಿರುವುದು ಮೂರು ನೋಡ್, ಅಂದರೆ ಒಂದೇ ವರ್ಷದ ದರಕ್ಕೆ ಮಿತಿ ಮುಗಿಯಿತು. ಶಾರ್ಡ್ ಒಂದಕ್ಕೆ 10ರಿಂದ 50 ಜಿಬಿ ಇರಲಿ ಎಂಬುದು ಸಾಮಾನ್ಯ ಸಲಹೆ; ನಮ್ಮ ಶಾರ್ಡುಗಳಲ್ಲಿ ಇದ್ದದ್ದು ಕೆಲವೇ ಸಾಲು. ಒಂದು ಚೀಲವೂ ತುಂಬದ ಅಡಿಕೆಯನ್ನು ಹತ್ತು ಚೀಲಕ್ಕೆ ಹಂಚಿ ಬಾಯಿ ಕಟ್ಟಿಟ್ಟ ಹಾಗೆ.

ಇರುವ ಇಂಡೆಕ್ಸಿನ ಶಾರ್ಡ್ ಸಂಖ್ಯೆಯನ್ನು ಸೆಟ್ಟಿಂಗಿನಲ್ಲಿ ತಿದ್ದಲು ಬರುವುದಿಲ್ಲ. ಯಾವ ದಾಖಲೆ ಯಾವ ಶಾರ್ಡಿಗೆ ಹೋಗಬೇಕೆಂಬ ಲೆಕ್ಕದಲ್ಲೇ ಆ ಸಂಖ್ಯೆ ಸೇರಿದೆ. ಹಾಗಾಗಿ ಯಾವ ದಾರಿ ಹಿಡಿದರೂ ಹೊಸ ಇಂಡೆಕ್ಸ್ ಆಗಲೇಬೇಕು.

ಶ್ರಿಂಕ್ 5.0ರಿಂದ ಇದೆ. ಅದು ದಾಖಲೆಗಳನ್ನು ಮತ್ತೆ ಓದಿ ಬರೆಯುವುದಿಲ್ಲ, ಡಿಸ್ಕಿನಲ್ಲಿರುವ ಸೆಗ್ಮೆಂಟುಗಳಿಗೆ (ಶಾರ್ಡಿನೊಳಗಿನ ಕಡತಗಳಿಗೆ) ಹಾರ್ಡ್ ಲಿಂಕ್, ಅಂದರೆ ಅದೇ ಕಡತಕ್ಕೆ ಇನ್ನೊಂದು ಹೆಸರು, ಹಾಕಿ ಮುಗಿಸುತ್ತದೆ. ವೇಗದ ಗುಟ್ಟು ಅದೇ. ಹೊಸ ಸಂಖ್ಯೆ ಹಳೆಯದನ್ನು ನಿಶ್ಶೇಷವಾಗಿ ಭಾಗಿಸಬೇಕು: 8 ಇದ್ದರೆ 4, 2, 1. ನಮ್ಮ 5ಕ್ಕೆ 1 ಮಾತ್ರ, ನಮಗೆ ಬೇಕಿದ್ದದ್ದೂ ಅಷ್ಟೇ.

ತೊಡಕು ಬಂದದ್ದು ಅದಕ್ಕೂ ಮೊದಲಿನ ಹಂತದಲ್ಲಿ. ಇಂಡೆಕ್ಸಿಗೆ ಬರೆಯುವುದನ್ನು ನಿಲ್ಲಿಸಿ, ಪ್ರತಿ ಶಾರ್ಡಿನ ಒಂದು ಪ್ರತಿಯನ್ನಾದರೂ ಒಂದೇ ನೋಡಿಗೆ ತರಬೇಕು. ಎರಡೇ ನೋಡ್, ಒಂದು ರೆಪ್ಲಿಕಾ ಇದ್ದವರಿಗೆ ಈ ಕಷ್ಟವಿಲ್ಲ, ಎರಡರಲ್ಲೂ ಎಲ್ಲವೂ ಇರುತ್ತದೆ. ಮೂರು ನೋಡಿನಲ್ಲಿ ಹತ್ತು ತುಂಡು ಹಂಚಿದರೆ ಒಂದೊಂದರಲ್ಲಿ ಮೂರೋ ನಾಲ್ಕೋ. ಐದೂ ಸಿಗುವ ನೋಡ್ ಒಂದೂ ಇಲ್ಲ. ಇಂಥ ನೋಡಿಗೇ ಬನ್ನಿ ಎಂದು ಅಲೊಕೇಶನ್ ನಿಯಮ (ಶಾರ್ಡ್ ಎಲ್ಲಿರಬೇಕೆಂಬ ನಿಯಮ) ಹಾಕಿ ಕಾದೆ. ಶಾರ್ಡುಗಳು ಕದಲಲಿಲ್ಲ, ದೋಷದ ಸಂದೇಶವೂ ಬರಲಿಲ್ಲ. ಶ್ರಿಂಕ್ ಕೊಟ್ಟರೆ ಎಲ್ಲವೂ ಒಂದೇ ನೋಡಿನಲ್ಲಿಲ್ಲ ಎಂಬ ನಿರಾಕರಣೆ ಮಾತ್ರ.

ಶಾರ್ಡ್ ಏಕೆ ಕದಲುತ್ತಿಲ್ಲ ಎಂದು ಅಲೊಕೇಶನ್ ಎಕ್ಸ್‌ಪ್ಲೇನ್ ಆಜ್ಞೆ ಕೊಟ್ಟು ಕೇಳಿದಾಗ ಕಾರಣ ಗೊತ್ತಾಯಿತು. ಡಿಸ್ಕ್ 85% ತುಂಬಿದ ನೋಡಿಗೆ ಹೊಸ ಶಾರ್ಡ್ ಕಳಿಸಬಾರದೆಂಬುದು ನಾವಾಗಿ ಬದಲಿಸದಿದ್ದರೆ ಇರುವ ನಿಯಮ. ನಮ್ಮವು ಹಳೆಯ ಡೆಸ್ಕ್‌ಟಾಪುಗಳು, 256 ಜಿಬಿ ಡಿಸ್ಕ್, ಬಿಲ್ಲಿನ ಸ್ಕ್ಯಾನುಗಳೂ ಅಲ್ಲೇ. ಸ್ಕ್ಯಾನುಗಳನ್ನು ಬೇರೆಡೆ ಸಾಗಿಸಿ ಜಾಗ ಮಾಡಿದೆ. ಶ್ರಿಂಕ್ ಕ್ಷಣಮಾತ್ರದಲ್ಲಿ ಆಯಿತು. ಆದರೆ ಹೊಸ ಇಂಡೆಕ್ಸ್ ಹಳದಿಯಲ್ಲೇ, ಅಂದರೆ ರೆಪ್ಲಿಕಾಗೆ ಜಾಗ ಸಿಗದ ಸ್ಥಿತಿಯಲ್ಲೇ, ನಿಂತಿತು! ಹಳೆಯದರ ಅಲೊಕೇಶನ್ ನಿಯಮವೂ ಬರವಣಿಗೆಯ ತಡೆಯೂ ಹೊಸದಕ್ಕೆ ನಕಲಾಗಿ ಬರುತ್ತವೆ. ಇದೇ ನೋಡಿನಲ್ಲಿರು ಎಂಬ ನಿಯಮ ಇರುವಷ್ಟು ಕಾಲ ರೆಪ್ಲಿಕಾಗೆ ಬೇರೆ ನೋಡಿನಲ್ಲಿ ಜಾಗವಿಲ್ಲ. ಎರಡನ್ನೂ ನಲ್ ಮಾಡಿ ತೆಗೆದ ಮೇಲೆ ಹಸಿರಾಯಿತು. ಒಂದು ಇಂಡೆಕ್ಸಿಗೆ ಇಷ್ಟು. ದಿನಕ್ಕೊಂದರಂತೆ ವರ್ಷಗಟ್ಟಲೆ ಕೂಡಿಟ್ಟವುಗಳಿಗೆ ಇದನ್ನೇ ಸ್ಕ್ರಿಪ್ಟಿನಲ್ಲಿ ಓಡಿಸಿದರೂ ಕೊನೆಗೆ ದಿನಕ್ಕೊಂದು ಇಂಡೆಕ್ಸ್ ಉಳಿದೇ ಉಳಿಯುತ್ತದೆ, ಏಕೆಂದರೆ ಶ್ರಿಂಕ್ ಎರಡು ಇಂಡೆಕ್ಸುಗಳನ್ನು ಕೂಡಿಸುವುದಿಲ್ಲ.

ಇನ್ನೊಂದು ಮಾತು. 5ನೇ ಆವೃತ್ತಿಯಲ್ಲಿ ಹುಟ್ಟಿದ ಇಂಡೆಕ್ಸ್ ಶ್ರಿಂಕ್ ಆದ ಮೇಲೂ 5ರದ್ದೇ. 7 ಅದನ್ನು ತೆರೆಯುವುದಿಲ್ಲ. ನಮ್ಮ 2017ರ ದರಗಳೆಲ್ಲ ಆ ಸಾಲಿನವು.

ರೀಇಂಡೆಕ್ಸಿನಲ್ಲಿ ಮೂಲದ ಹೆಸರಿಗೆ ನಕ್ಷತ್ರ (*) ಹಾಕಿ ಇಡೀ ವರ್ಷದ ದಿನಗಳನ್ನು 1 ಶಾರ್ಡಿನ ಒಂದೇ ಇಂಡೆಕ್ಸಿಗೆ ಸುರಿಯಬಹುದು. ನಿಧಾನ ಹೌದು, ಪ್ರತಿ ದಾಖಲೆಯನ್ನೂ ಹೊಸದಾಗಿ ಬರೆಯುತ್ತದೆ. ಸೋರ್ಸ್ (ದಾಖಲೆಯ ಮೂಲ ರೂಪ) ಉಳಿಸಿಕೊಂಡಿರಬೇಕು, ಮ್ಯಾಪಿಂಗ್ (ಯಾವ ಅಂಕಣ ಯಾವ ಬಗೆಯದೆಂಬ ವಿವರ) ಮೊದಲೇ ನಾವೇ ಮಾಡಿಡಬೇಕು. ರೆಪ್ಲಿಕಾ 0, ರಿಫ್ರೆಶ್ -1 ಇಟ್ಟು (ನಕಲೂ ಬೇಡ, ನಡುನಡುವೆ ಹುಡುಕಾಟಕ್ಕೆ ಸಿದ್ಧಪಡಿಸುವುದೂ ಬೇಡ ಎಂದು) ವಖಾರಿ ಬಾಗಿಲು ಹಾಕಿದ ಮೇಲೆ ಶುರು ಮಾಡುತ್ತಿದ್ದೆ. ಶಿರಸಿಯ ಮಳೆಗಾಲ, ಕರೆಂಟು ನಂಬುವಂತಿಲ್ಲ. ನಡುವೆ ನಿಂತರೆ, ಇಲ್ಲದ್ದನ್ನು ಮಾತ್ರ ಸೇರಿಸು, ಇದ್ದದ್ದನ್ನು ಬಿಟ್ಟು ಮುಂದುವರಿ ಎಂದು ಹೇಳಿ ಮತ್ತೆ ಓಡಿಸಬಹುದು.

ಎಚ್ಚರ ಬೇಕಾದದ್ದು ಐಡಿಯಲ್ಲಿ. ನಮ್ಮಲ್ಲಿ ಲಾಟಿನ ನಂಬರೇ ಐಡಿ, ದಿನವೂ 1ರಿಂದ ಆರಂಭ. ಹಾಗೇ ಕೂಡಿಸಿದ್ದರೆ ಒಂದು ದಿನದ ಲಾಟು ಇನ್ನೊಂದು ದಿನದ್ದನ್ನು ಅಳಿಸಿಬಿಡುತ್ತಿತ್ತು. ಐಡಿಯ ಮುಂದೆ ದಿನಾಂಕ ಅಂಟಿಸುವ ಸಣ್ಣ ಸ್ಕ್ರಿಪ್ಟ್ ಸೇರಿಸಿದೆ.

ನನ್ನ ಮನಸ್ಸು ಪೂರ್ತಿ ರೀಇಂಡೆಕ್ಸಿನ ಕಡೆ ವಾಲಿದ್ದು ಕನ್ನಡದ ಕಾರಣಕ್ಕೆ. ‘ಗೋಟು’ ಪದದ ಗೋ ಅಕ್ಷರವನ್ನು ಒಂದು ಕೀಬೋರ್ಡ್ ಇಡೀ ಓ ಸ್ವರಚಿಹ್ನೆಯಾಗಿ ಹಾಕಿದರೆ ಇನ್ನೊಂದು ಬಿಡಿ ತುಂಡುಗಳಾಗಿ ಹಾಕಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಹೇಗೂ ಹೊಸದಾಗಿ ಬರೆಯುತ್ತಿದ್ದೇವಲ್ಲ ಎಂದು, ಇಂಥ ಬರಹಗಳನ್ನು ಒಂದೇ ರೂಪಕ್ಕೆ ತರುವ ಐಸಿಯು ನಾರ್ಮಲೈಸರ್ ಸೇರಿಸಿದೆ. ಶ್ರಿಂಕ್‌ನಲ್ಲಿ ಮ್ಯಾಪಿಂಗ್ ಮುಟ್ಟಲು ಬಿಡುವುದೇ ಇಲ್ಲ. ಯಾವ ಫಲಿತಾಂಶ ಮೇಲೆ ಬರಬೇಕೆಂದು ಅಂಕ ಕೊಡುವುದೂ ಸರಿಹೋಯಿತು: ಪದ ಎಷ್ಟು ಅಪರೂಪ ಎಂಬ ಲೆಕ್ಕ ಶಾರ್ಡಿನೊಳಗೇ ನಡೆಯುವುದರಿಂದ, ಕೆಲವೇ ಸಾಲಿನ ಶಾರ್ಡಿನಲ್ಲಿ ‘ಬೆಟ್ಟೆ’ ಸುಮ್ಮನೆ ಮೇಲೇರುತ್ತಿತ್ತು. ಈಗ ವರ್ಷದ ದರವೆಲ್ಲ ಒಂದೇ ಲೆಕ್ಕದಲ್ಲಿದೆ.

ಒಂದೇ ದೊಡ್ಡ ಇಂಡೆಕ್ಸ್, ಬರವಣಿಗೆ ಮುಗಿದ ಲಾಗ್, ಡಿಸ್ಕಿನಲ್ಲಿ ಧಾರಾಳ ಜಾಗ ಇರುವವರು ಶ್ರಿಂಕನ್ನೇ ಬಳಸಲಿ. ನನಗೆ ಹೊಸ ಡಿಸ್ಕಿಗೆ ದುಡ್ಡಿಲ್ಲ, ರಾತ್ರಿಯ ಹೊತ್ತು ಬೇಕಾದಷ್ಟಿದೆ. ವರ್ಷಕ್ಕೊಂದು ಇಂಡೆಕ್ಸ್ ಮಾಡಿ, ದಾಖಲೆಗಳ ಎಣಿಕೆ ತಾಳೆ ನೋಡಿ, ಏಲಿಯಾಸನ್ನು (ಹುಡುಕಾಟ ಬಳಸುವ ಅಡ್ಡಹೆಸರನ್ನು) ಒಂದೇ ಆಜ್ಞೆಯಲ್ಲಿ ಹೊಸದಕ್ಕೆ ತಿರುಗಿಸಿ, ಆಮೇಲಷ್ಟೇ ಹಳೆಯದನ್ನು ಅಳಿಸುತ್ತೇನೆ.