ಕೋಡ್ ಬೇಡದ ಪಿಪೆಟಿಂಗ್ ರೋಬೋಟ್: ನೀರಿಗೆ ಜಾಣ, ಎಥನಾಲ್‌ಗೆ ಅಲ್ಲ

ಡಿಎನ್‌ಎ ಶುದ್ಧೀಕರಣವೇ ಮುಖ್ಯ ಕೆಲಸವಾಗಿರುವ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಪ್ರೋಗ್ರಾಮಿಂಗ್ ಬಲ್ಲವರು ಯಾರೂ ಇಲ್ಲ. ‘ಹೀರು’, ‘ಸುರಿ’, ‘ಕಲಕು’ ಎಂಬ ತುಂಡುಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿದರೆ ಸಾಕು ಎಂಬ ಕಾರಣಕ್ಕೇ, ದ್ರವವನ್ನು ಅಳೆದು ಹೀರಿ ಬೇರೆಡೆ ಸುರಿಯುವ (ಪಿಪೆಟಿಂಗ್) ಈ ರೋಬೋಟನ್ನು ಕೊಂಡೆವು.

ಬೆಳಿಗ್ಗೆ ಡೆಕ್ (ರೋಬೋಟ್ ಕೆಲಸ ಮಾಡುವ ವೇದಿಕೆ) ಸಿದ್ಧಪಡಿಸುವುದು ನನಗೆ ಪ್ರಿಯವಾದ ಕೆಲಸ. ದ್ರವ ಹೀರುವ ಪ್ಲಾಸ್ಟಿಕ್ ತುದಿಗಳಾದ ಟಿಪ್‌ಗಳ ಪೆಟ್ಟಿಗೆಯ ಮುಚ್ಚಳ ತೆಗೆದು, 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟನ್ನು ಎ1 ಎಂಬ ಮೊದಲ ವೆಲ್ ಇರುವ ಮೂಲೆ ಸರಿಯಾದ ಕಡೆಗೆ ಬರುವಂತೆ ಕೂರಿಸಿ, ನಾಲ್ಕೂ ಅಂಚುಗಳನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಒಂದು ಅಂಚು ತುಸು ಎದ್ದಿದ್ದರೂ ಟಿಪ್‌ಗಳು ವೆಲ್‌ಗಳ ತಳಕ್ಕೆ ತಾಗಿಬಿಡಬಹುದು.

ತೊಂದರೆ ಶುರುವಾದದ್ದು ಡಿಎನ್‌ಎ ಅಂಟಿಕೊಂಡಿರುವ ಮ್ಯಾಗ್ನೆಟಿಕ್ ಬೀಡ್‌ಗಳನ್ನು (ಅಯಸ್ಕಾಂತ ಸೆಳೆಯುವ ಸೂಕ್ಷ್ಮ ಮಣಿಗಳನ್ನು) ಎಥನಾಲ್‌ನಿಂದ ತೊಳೆಯುವ ಹಂತದಲ್ಲಿ. ಟಿಪ್‌ನೊಳಗಿನ ಗಾಳಿಯ ಪದರಕ್ಕೆ ಎಥನಾಲ್ ಆವಿಯಾಗಿ ಸೇರಿಕೊಂಡು ಒತ್ತಡ ಹೆಚ್ಚುತ್ತದೆ. ಅದರ ಮೇಲ್ಮೈ ಎಳೆತವೂ ನೀರಿಗಿಂತ ಬಹಳ ಕಡಿಮೆ. ಹೀಗಾಗಿ ತೋಳು ಪ್ಲೇಟಿನ ಮೇಲೆ ಸಾಗುವಾಗಲೇ ಹನಿಗಳು ಪಕ್ಕದ ವೆಲ್‌ಗಳಿಗೆ ಬೀಳುತ್ತಿದ್ದವು. ಮಾದರಿಗಳು ಬೆರೆತುಹೋದರೆ ಇಡೀ ಪ್ಲೇಟೇ ವ್ಯರ್ಥ. ಟಿಪ್‌ನಲ್ಲಿ ದ್ರವವನ್ನು ಕೆಲವು ಸಲ ಹೀರಿ ಬಿಟ್ಟು ಒಳಗಿನ ಗಾಳಿಯನ್ನು ಆವಿಯಿಂದ ತುಂಬಿಸುವುದು, ಹೀರಿದ ಮೇಲೆ ಕೊನೆಯಲ್ಲಿ ಒಂದಿಷ್ಟು ಗಾಳಿ ಎಳೆದುಕೊಳ್ಳುವುದು, ಇವು ಕೈಯಲ್ಲಿ ಪಿಪೆಟ್ ಹಿಡಿಯುವವರಿಗೂ ಗೊತ್ತಿರುವ ಉಪಾಯಗಳು. ಆದರೆ ತಂತ್ರಾಂಶವು ಇವನ್ನು ಮೂರು ಮೆನುಗಳ ಒಳಗೆ ಹುದುಗಿಸಿಟ್ಟಿದೆ. ‘ಇದು ಎಥನಾಲ್’ ಎಂದು ಒಮ್ಮೆ ಹೇಳಿ ಉಳಿಸಿಡುವಂತಿಲ್ಲ, ಪ್ರತಿ ತುಂಡಿಗೂ ಮತ್ತೆ ಮತ್ತೆ ನಮೂದಿಸಬೇಕು. ಮಂದ ದ್ರವವಾದ ಗ್ಲಿಸರಾಲ್‌ನಲ್ಲಿ ಸಂಗ್ರಹಿಸಿದ ಕಿಣ್ವಗಳಿಗೆ ವೇಗ ತಗ್ಗಿಸುವಾಗಲೂ ಇದೇ ಗೋಳು. ಕೋಡ್ ಬೇಡ ಎಂದವರು ದ್ರವದ ಗುಣವನ್ನೂ ಬೇಡವೆಂದುಕೊಂಡರೇನೋ!

ಹಾಗೆಂದು ಯಂತ್ರವನ್ನು ಮೂಲೆಗೆ ತಳ್ಳಿಲ್ಲ. ಸೆಟ್ಟಿಂಗ್‌ಗಳನ್ನೆಲ್ಲ ತುಂಬಿಟ್ಟ ಒಂದು ಮಾದರಿ ಪ್ರೋಟೋಕಾಲನ್ನು (ಕೆಲಸದ ಹಂತಗಳ ಪಟ್ಟಿಯನ್ನು) ನಕಲು ಮಾಡುತ್ತಾ ಹೋಗುತ್ತೇವೆ. ಹನಿ ಬೀಳುವುದು ನಿಂತಿದೆ. 100 ಮೈಕ್ರೋಲೀಟರ್ ನೀರು ಸುಮಾರು 100 ಮಿಲಿಗ್ರಾಂ ತೂಗಬೇಕು ಎಂಬ ಲೆಕ್ಕದಲ್ಲಿ ಆಗಾಗ ತಕ್ಕಡಿಯಲ್ಲಿ ಪರೀಕ್ಷಿಸಿದಾಗ, ಮೊದಲ ಸಾಲಿಗೂ ಕೊನೆಯ ಸಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಸಂಜೆಯ ಹೊತ್ತಿಗೆ ದಣಿದ ನನ್ನ ಹೆಬ್ಬೆರಳಿನಿಂದ ಅಂಥ ಸಮತೆಯನ್ನು ನಿರೀಕ್ಷಿಸಲಾಗದು.

ದಿನವೂ ಪೂರ್ಣ ಪ್ಲೇಟುಗಳನ್ನು ಓಡಿಸುವವರು ಧಾರಾಳವಾಗಿ ಕೊಳ್ಳಬಹುದು. ವಾರಕ್ಕೆ ಹತ್ತಾರು ಮಾದರಿಗಳಷ್ಟೇ ಇರುವವರಿಗೆ ಒಮ್ಮೆಗೆ ಎಂಟು ವೆಲ್‌ಗಳಿಗೆ ಸುರಿಯುವ ಎಂಟು ಚಾನೆಲ್‌ಗಳ ಕೈ ಪಿಪೆಟ್ಟೇ ಸಾಕು. ಏಕೆಂದರೆ ಈ ರೋಬೋಟ್ ತನ್ನದೇ ನಮೂನೆಯ ಟಿಪ್‌ಗಳನ್ನು ಮಾತ್ರ ಸ್ವೀಕರಿಸುತ್ತದೆ, ಅವುಗಳ ಖರ್ಚು ಎಂದಿಗೂ ನಿಲ್ಲುವುದಿಲ್ಲ.